ನಾಲ್ಕು ಪುಕ್ಕ ಕಿತ್ತ ಜಾಗ

ಕಪಾಟಿನಲ್ಲಿ ಡಾಂಬರು ಗುಳಿಗೆ ಇಡುವಾಗಲೆಲ್ಲ ನಮ್ಮೂರು ಮತ್ತಿಘಟ್ಟದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಎಷ್ಟು ನಿಜವೋ ಗೊತ್ತಿಲ್ಲ.

ಅಪ್ಪ ಕಾಡುಕೋಳಿ ಹುಂಜಗಳ ಕುತ್ತಿಗೆಯ ತೊಗಲನ್ನು ಪುಕ್ಕ ಸಮೇತ ಸುಲಿದು ಒಣಗಿಸುತ್ತಿದ್ದ. ಮೀನಿಗೆ ಹುಳದಂತೆ ಕಾಣಲೆಂದು ಗಾಳಕ್ಕೆ ಕಟ್ಟಲು ಆ ಪುಕ್ಕಗಳು ಗುಟ್ಟಾಗಿ ವಿದೇಶಕ್ಕೆ ಹೋಗುತ್ತಿದ್ದವು. ಕಾಡಿನ ಹುಂಜಗಳನ್ನು ಕೂಗಿ ಕರೆಯಲೆಂದು ಮನೆಯಲ್ಲಿ ಒಂದು ಹುಂಜವನ್ನು ಸಾಕಿದ್ದೆವು. ಅದಕ್ಕೆ ಅಕ್ಕಿ ಹಾಕುತ್ತಿದ್ದವರು ನಾನು ಮತ್ತು ತಂಗಿ. ತುದಿಯಲ್ಲಿ ಮೇಣದ ಹನಿಯಂತೆ ಹೊಳೆಯುವ ಅದರ ಕುತ್ತಿಗೆಯ ನಾಲ್ಕು ಪುಕ್ಕಗಳನ್ನು ಹಿಂದಿನ ದಿನವಷ್ಟೇ ಆಸೆಗೆ ಕಿತ್ತುಕೊಂಡಿದ್ದೆ.

ಅಪ್ಪ ಹಸಿ ತೊಗಲೊಂದನ್ನು ನನ್ನ ಮುಂದಿಟ್ಟ. ಪಕ್ಕದಲ್ಲಿ ಒಣಗಿದ ತೊಗಲುಗಳ ಡಬ್ಬಿ ಡಾಂಬರು ಗುಳಿಗೆಯ ವಾಸನೆ ಬೀರುತ್ತಿತ್ತು.

“ತಮಾ, ಒಳಮೈಗಷ್ಟೇ ಉಪ್ಪು ತಿಕ್ಕು. ಪುಕ್ಕ ಒದ್ದೆ ಮಾಡ್ಬೇಡ.”

ತೊಗಲನ್ನು ಮಗುಚಿದೆ. ಪುಕ್ಕಗಳ ನಡುವೆ ಒಂದು ಕಡೆ ಬೋಳಾಗಿತ್ತು.

“ಅಪ್ಪಾ, ಇದು ನಮ್ಮ ಹುಂಜ ಅಲ್ದಾ?”

“ಸತ್ತ ಮೇಲೆ ಎಲ್ಲಾ ಒಂದೇ ನಮೂನೆ. ನಾಳೆ ತೊಗಲು ಒಯ್ಯೋಕೆ ಶಿರಸಿಯವ ಬರ್ತಾನೆ, ಲೆಕ್ಕಕ್ಕೆ ಒಂದು ಕಮ್ಮಿ ಬಿದ್ದಿತ್ತು. ತಿಕ್ಕು.”

ತಿಕ್ಕಿದೆ. ಉಗುರಿನ ಸಂದಿಯಲ್ಲಿ ಉಪ್ಪು ಉರಿಯಿತು.

ಹುಂಜ ಹಗ್ಗ ಬಿಚ್ಚಿಕೊಂಡು ಕಾಡಿಗೆ ಓಡಿಹೋಯಿತೆಂದು ತಂಗಿ ಈಗಲೂ ವಾದಿಸುತ್ತಾಳೆ. ಅವಳಿಗೆ ಹಾಗೆಂದು ಹೇಳಿದವನು ನಾನೇ ಇರಬೇಕು.