ಬೇರು ಹುಡುಕಿದ ಬೇಸಿಗೆ

ಯೆಹೂದಿಯಲ್ಲದ ಆ ರೋಶನ್ ಪಿಂಟೋ ಜೊತೆ ಮಗಳು ಸುತ್ತುವುದು ಯೆಹೂದಿ ಸಾಲೊಮನ್‌ಗೆ ಸುತರಾಂ ಇಷ್ಟವಿರಲಿಲ್ಲ. ಹೆಂಡತಿ ಫಿಲೊಮಿನಾ ಭಾನುವಾರ ಚರ್ಚಿನಿಂದ ಬಂದು ಮಾಡುತ್ತಿದ್ದ, ಯೆಹೂದಿಗಳಿಗೆ ನಿಷಿದ್ಧವಾದ ಹಂದಿ ಮಾಂಸದ ಬಫಾತ್ ಸಾರನ್ನು ಬೆರಳು ಚೀಪುತ್ತ ತಿನ್ನುವಾಗಲೂ ಅವನಿಗೆ ಕುಲದ್ದೇ ಚಿಂತೆ. ಕೊನೆಗೆ, ಯೆಹೂದಿ ಹದಿಹರೆಯದವರಿಗೆಂದೇ ಏರ್ಪಡಿಸಿದ್ದ ಬೇಸಿಗೆ ಪ್ರವಾಸಕ್ಕೆ ಸೇರಿಸಿ ಅವಳನ್ನು ಜೆರುಸಲೇಮಿಗೆ ಅಟ್ಟಿದ. ಅಲ್ಲಿ ಅವಳಿಗೆ ತನ್ನ ಬೇರೂ ಸಿಗಲಿ, ನಮ್ಮವನೇ ಒಬ್ಬ ಹುಡುಗನೂ ಸಿಗಲಿ ಎಂಬುದು ಅವನ ಲೆಕ್ಕಾಚಾರ.

ವಾರ ಕಳೆಯುವಷ್ಟರಲ್ಲಿ ಮಗಳ ಫೋನ್ ಬಂತು.

“ಪಪ್ಪಾ, ಯೆಹೂದಿ ಹುಡುಗ ಸಿಕ್ಕಿದ.”

“ಭೇಷ್! ಯಾರ ಮನೆಯವನಮ್ಮಾ?”

“ರೋಶನ್ನೇ ಪಪ್ಪಾ. ಅವನೂ ನಮ್ಮ ಬಸ್ಸಲ್ಲೇ ಇದ್ದಾನೆ. ಅವನ ಅಮ್ಮ ಯೆಹೂದಿಯಂತೆ. ಅಪ್ಪ ಯಾರಾದ್ರೂ ಆಗ್ಲಿ, ಕುಲ ಬರೋದು ತಾಯಿಯಿಂದ ಅಂತ ಇಲ್ಲಿನ ಗುರುಗಳೇ ಹೇಳಿದ್ರು.”

ಸಾಲೊಮನ್ ದೊಡ್ಡ ಮನಸ್ಸು ಮಾಡಿದ.

“ಶಾಸ್ತ್ರವೇ ಹೇಳಿದ ಮೇಲೆ ಬೇಡ ಅನ್ನೋಕೆ ನಾನ್ಯಾರು? ನನ್ನ ಒಪ್ಪಿಗೆ ಇದೆ, ಹೋಗು.”

“ನಿಮ್ಮದೇನೋ ಇದೆ ಪಪ್ಪಾ. ಅವನ ಅಮ್ಮಂದೇ ಇಲ್ಲ. ಫಿಲೊಮಿನಾ ಮಗಳು ಅದು ಹೇಗೆ ಯೆಹೂದಿ ಆಗ್ತಾಳೆ ಅಂತ ಕೇಳ್ತಿದ್ದಾರೆ.”