ರೇಸಿನ ಡಿಸ್ಕು

ಎರಡನೇ ಏಟಿಗೆ ಮೆಕ್ಯಾನಿಕ್‌ನ ಕೆಳತುಟಿ ಸೀಳಿತು. ಅವನು ಬಾಯೊರೆಸಿಕೊಂಡು, ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದ.

"ನಿಮ್ಮ ಕಾರಿನ ಬ್ರೇಕಿಗೆ ಸಾದಾ ಡಿಸ್ಕೇ ಸರಿ ಸಾರ್."

ದರೋಡೆಗೆ ಹೊರಟಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ವೀಲ್ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಅರ್ಧ ಎಳೆದ ಷಟರ್ ಪಕ್ಕ ಅವನ ತಮ್ಮ ಪಿಸ್ತೂಲು ಹಿಡಿದು ನಿಂತಿದ್ದ. ಮೆಕ್ಯಾನಿಕ್‌ನ ಹೆಂಡತಿ ಬಿಲ್ ಹಾಕುವ ಮೇಜಿನ ಹಿಂದೆ ಮುದುಡಿ ಕೂತಿದ್ದಳು. ಮಧ್ಯಾಹ್ನ ಅಣ್ಣತಮ್ಮಂದಿರಿಗೆ ಚಿನ್ನದಂಗಡಿಗೆ ನುಗ್ಗುವುದಿತ್ತು. ಅಷ್ಟರೊಳಗೆ ಕಾರಿಗೆ ಹೊಸ ಬ್ರೇಕು ಬೇಕಿತ್ತು.

ಹೋದ ಸಲ ಹೀಗೇ ದೋಚಿಕೊಂಡು ಓಡುವಾಗ ಬ್ರೇಕು ಬಿಸಿಯೇರಿ ಕೈಕೊಟ್ಟಿತ್ತು. ಕಾರು ಲಾರಿಯ ಬೆನ್ನಿಗೆ ನುಗ್ಗಿ ತಮ್ಮನ ಭುಜ ನುಜ್ಜುಗುಜ್ಜಾಗಿತ್ತು. ಅವನ ಬಲಗೈ ಈಗಲೂ ತಲೆಗಿಂತ ಮೇಲಕ್ಕೆ ಏಳುವುದಿಲ್ಲ. ಅಣ್ಣ ಕಂಡವರ ಕೈಕಾಲು ಮುರಿದು ನೆಮ್ಮದಿಯಾಗಿ ನಿದ್ದೆ ಮಾಡುವ ಆಸಾಮಿ. ಆದರೆ ತಮ್ಮ ಎಂದರೆ ಪ್ರಾಣ. ಅವನ ಮೈಗೆ ಇನ್ನೊಮ್ಮೆ ಗಾಯವಾಗಕೂಡದು ಎಂಬುದೊಂದೇ ಅವನ ತಲೆಯಲ್ಲಿತ್ತು.

"ಅಣ್ಣ, ಅದು ತಗೋ. ಭಾರಿ ಶೋಕಿಯಾಗಿದೆ." ತಮ್ಮ ಗೋಡೆಯ ಮೇಲಿದ್ದ ತೂತು ತೂತಿನ ಡಿಸ್ಕಿನತ್ತ ಗದ್ದ ಎತ್ತಿದ.

"ಅದು ನೋಡೋಕಷ್ಟೇ ಚೆಂದ," ಎಂದ ಮೆಕ್ಯಾನಿಕ್. "ಜೋರಾಗಿ ಓಡಿಸಿದ್ರೆ ಕಾದು, ತೂತಿಂದ ತೂತಿಗೆ ಬಿರುಕು ಬಿಡುತ್ತೆ."

ಪಿಸ್ತೂಲು ಎದುರಿಗಿದ್ದರೂ ಪಾಠ ಮಾಡುತ್ತಿದ್ದಾನಲ್ಲ ಎಂದು ಅಣ್ಣನಿಗೆ ಪಿತ್ತ ನೆತ್ತಿಗೇರಿತು. "ಮೇಲಿನ ಸಾಲಲ್ಲಿ ಇರೋದು?"

"ಅದು ರೇಸಿನ ಡಿಸ್ಕು, ಜೊತೆಗೆ ಅದನ್ನ ಅಮುಕಿ ಹಿಡಿಯೋ ಅದರದೇ ಪ್ಯಾಡು. ನಿಮಗೆ ಬೇಡ ಸಾರ್. ಅದು ಕಾದ ಮೇಲೇ ಹಿಡಿಯೋದು. ರೇಸಲ್ಲಿ ಸುತ್ತು ಮೇಲೆ ಸುತ್ತು ಹೊಡೀತಾರೆ, ತಣ್ಣಗಾಗೋಕೆ ಬಿಡಲ್ಲ. ರಸ್ತೇಲಿ ನಿಲ್ಲಿಸಿ, ತಣ್ಣಗಾದ ಮೇಲೆ ಹೊರಟ್ರೆ ಮೊದಲ ಸಲಕ್ಕೆ ಬ್ರೇಕೇ ಹಿಡಿಯಲ್ಲ."

"ಇವನ ಪುರಾಣ ಸಾಕು," ಎಂದ ತಮ್ಮ. "ಹೆಂಗೂ ನಮ್ಮ ಮುಖ ನೋಡಿದಾರೆ. ಆ ಕೆಲಸ ಮುಗಿಸಿ ಬಂದು ಇವರಿಬ್ಬರನ್ನೂ ಮುಗಿಸಿಬಿಡೋಣ."

ಅದನ್ನು ಕೇಳಿದ್ದೇ ಹೆಂಗಸು ಮೇಜು ಬಡಿದು ಎದ್ದಳು. "ಸಾಕು ಮಾಡ್ರೀ! ಜೀವಕ್ಕಿಂತ ಹೆಚ್ಚಾ ಆ ಡಿಸ್ಕು?" ಅಣ್ಣನತ್ತ ತಿರುಗಿ ಕೈ ಮುಗಿದಳು. "ಸುಳ್ಳು ಅಣ್ಣಾ. ಒಳ್ಳೇ ಮಾಲು ಅದೇ. ರೇಸಿನವರಿಗೆ ಅಂತ ತರಿಸಿಟ್ಟಿದ್ದು, ನಿಮಗೆ ಕೊಡೋಕೆ ಇವರಿಗೆ ಮನಸ್ಸಿಲ್ಲ. ಅದನ್ನೇ ಹಾಕಿಸ್ಕೊಳ್ಳಿ, ನಮ್ಮನ್ನ ಬಿಟ್ಬಿಡಿ."

ಮೆಕ್ಯಾನಿಕ್ ಅವಳನ್ನು ಬೆಪ್ಪಾಗಿ ನೋಡಿದ. "ಏನೇ ಹೇಳ್ತಿದೀಯ ನೀನು?"

ಸ್ಪ್ಯಾನರ್ ಅವನ ಪಕ್ಕೆಗೆ ಬಿತ್ತು. ಅವನು ಕುಸಿದ. ಕೂದಲು ಹಿಡಿದು ಎಬ್ಬಿಸಿದ ಮೇಲೆ ನರಳುತ್ತಲೇ ನಾಲ್ಕೂ ಚಕ್ರ ಬಿಚ್ಚಿ ರೇಸಿನ ಡಿಸ್ಕು ಕೂರಿಸಿದ. ಹೊಳೆಯುವ ಲೋಹದ ಮೇಲೆ ಅವನ ತುಟಿಯ ರಕ್ತ ತೊಟ್ಟಿಕ್ಕಿತು. ಹೆಂಡತಿ ಬಟ್ಟೆಯಿಂದ ಒರೆಸಿದಳು. ಅವನು ಅವಳ ಮುಖ ನೋಡಲಿಲ್ಲ.

ಅಣ್ಣನೇನು ದಡ್ಡನಲ್ಲ. ಕಾರನ್ನು ಹಿಂದಿನ ಖಾಲಿ ರಸ್ತೆಗೆ ಒಯ್ದು ಅತ್ತಿಂದಿತ್ತ ಓಡಿಸಿದ. ಮೊದಲೊಂದೆರಡು ಸಲ ಕಾರು ಸ್ವಲ್ಪ ಜಾರಿತು. ಹೊಸದಲ್ಲವೇ, ಪಳಗಬೇಕು ಎಂದುಕೊಂಡ. ಆಮೇಲೆ ಮತ್ತೆ ಮತ್ತೆ ಒತ್ತಿದ. ಒತ್ತಿದಷ್ಟೂ ಹಿಡಿತ ಬಂತು. ಕೊನೆಗೆ ಕಾರು ಎಂಥ ವೇಗದಲ್ಲಿದ್ದರೂ ಕಪಾಳಕ್ಕೆ ಬಾರಿಸಿದ ಹಾಗೆ ನಿಲ್ಲತೊಡಗಿತು. ಇಂಥ ಬ್ರೇಕನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ವಾಪಸು ಬಂದವನೇ ಮೆಕ್ಯಾನಿಕ್‌ನ ಬಲಗೈಯನ್ನು ಬೆಂಚಿನ ಮೇಲೆ ಒತ್ತಿಹಿಡಿದು ಸುತ್ತಿಗೆ ಎತ್ತಿದ. "ಸುಳ್ಳು ಹೇಳ್ತೀಯೇನೋ ನನಗೆ?" ಮೂಳೆ ಮುರಿದ ಸದ್ದು ಕಿರುಚಾಟದಲ್ಲಿ ಮುಚ್ಚಿಹೋಯಿತು. ಅವನನ್ನು ಕಟ್ಟಿ, ಕಾರಿನಡಿ ನಿಂತು ಕೆಲಸ ಮಾಡುವ ಗುಂಡಿಗೆ ತಳ್ಳಿದರು.

"ನೀನು ನಮ್ಮ ಜೊತೆ ಬಾ," ಎಂದ ಅಣ್ಣ. "ಪೊಲೀಸರು ಬಂದ್ರೆ ಅಡ್ಡ ಹಿಡಿಯೋಕೆ ಬೇಕು."

ಅವಳ ಮುಖ ಬಿಳಿಚಿತು. ಗುಂಡಿಯತ್ತ ಒಮ್ಮೆ ನೋಡಿದಳು. ಆಮೇಲೆ ತಾನೇ ಹೋಗಿ ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟು ಎಳೆದುಕೊಂಡಳು. ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಮದುವೆ ಮನೆಗೆ ಹೊರಟ ಹಾಗೆ ಕೂತಳಲ್ಲಣ್ಣ!" ಅಣ್ಣನ ಮನಸ್ಸಿನಲ್ಲಿ ಉಳಿದಿದ್ದ ಚೂರುಪಾರು ಅನುಮಾನವೂ ಹೋಯಿತು. ಬ್ರೇಕಿನ ಮೇಲೆ ನಂಬಿಕೆ ಇಲ್ಲದವಳು ಹೀಗೆ ಹತ್ತಿ ಕೂರುತ್ತಾಳೆಯೇ?

ಚಿನ್ನದಂಗಡಿ ಏರಿನ ತುದಿಯಲ್ಲಿತ್ತು. ತಮ್ಮ ಒಳಗೆ ಹೋದ. ಅಣ್ಣ ಎಂಜಿನ್ ಆರಿಸದೆ ಕಾದ. ಚಳಿಗಾಳಿ ಬೀಸುತ್ತಿತ್ತು. ತಮ್ಮ ತಡಮಾಡಿದ. ಕೊನೆಗೆ ಒಳಗೆ ಗುಂಡಿನ ಶಬ್ದವಾಯಿತು, ಗಾಜು ಪುಡಿಯಾಯಿತು, ತಮ್ಮ ಚೀಲ ಅವಚಿಕೊಂಡು ಓಡಿ ಬಂದ.

"ಬಿಡು ಅಣ್ಣ, ಬಿಡು!"

ಕಾರು ಇಳಿಜಾರಿನಲ್ಲಿ ಹಾರಿತು. ಕೆಳಗೆ ರಸ್ತೆ ಮುಗಿದು ಎಡಕ್ಕೂ ಬಲಕ್ಕೂ ಒಡೆಯುತ್ತಿತ್ತು, ಎದುರಿಗೆ ಕಲ್ಲಿನ ಗೋಡೆ. ಅಣ್ಣ ನಿರಾಳವಾಗಿ ಬ್ರೇಕು ಒತ್ತಿದ. ಕಾಲಡಿ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಕಾರು ಮಾತ್ರ ಓಡುತ್ತಲೇ ಇತ್ತು. ಎರಡೂ ಕಾಲಿಂದ ತುಳಿದ. ತಮ್ಮ "ಅಣ್ಣಾ" ಎಂದ.

ಕಣ್ಣು ಬಿಟ್ಟಾಗ ಸ್ಟೇರಿಂಗು ಅವನ ಎದೆಗೂಡಿನೊಳಗಿತ್ತು. ತಮ್ಮ ಮುಂದಿನ ಗಾಜು ಒಡೆದುಕೊಂಡು ಹೋಗಿ ಗೋಡೆಯ ಬುಡದಲ್ಲಿ ಬಿದ್ದಿದ್ದ. ಕತ್ತು ಬೆನ್ನಿನ ಕಡೆಗೆ ತಿರುಗಿತ್ತು. ಅಣ್ಣ ಅವನನ್ನು ಕೂಗಲು ನೋಡಿದ. ಬಾಯಿಂದ ರಕ್ತ ಮಾತ್ರ ಬಂತು.

ಹಿಂದೆ ಬೆಲ್ಟು ಬಿಚ್ಚಿದ ಸದ್ದಾಯಿತು. ಹೆಂಗಸು ಕುಂಟುತ್ತಾ ಇಳಿದು, ಅವನ ಕಿಟಕಿಯ ಬಳಿ ಬಂದು ನಿಂತಳು.

"ಬ್ರೇಕು..." ಎಂದ ಅವನು. "ನಿನ್ನ ಗಂಡ... ಏನು ಮಾಡಿಟ್ಟ?"

"ಅವರೇನೂ ಮಾಡಲಿಲ್ಲ," ಎಂದಳು ಅವಳು. "ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನಾನು ಹೇಳಬೇಕಾಯ್ತು."