ಎರಡನೆಯ ಕೀಲಿಕೈ

ಕಟ್. ತುಸು ತಡೆದು, ಮತ್ತೆ ಕಟ್.

ಹೋದ ವರ್ಷ ದೀಪಾವಳಿಯ ಮರುದಿನ ನಡುರಾತ್ರಿ ಕಸ್ತೂರೆವ್ವ ಕೇಳಿದ್ದು ಇಷ್ಟೇ. ಮನೆಯಿಂದ ನಲವತ್ತು ಹೆಜ್ಜೆ ದೂರ, ಭೀಮಾ ಹೊಳೆಯ ದಂಡೆಗೆ ಕಟ್ಟಿದ್ದ ನಾವೆಯ ಕಡೆಯಿಂದ ಬಂದಂತಿತ್ತು. ನಾವೆಯ ಹಿಂಬದಿಯಲ್ಲಿ ವ್ಯಾಪಾರಿಗಳ ಗಂಟು ಇಡುವ ಸಣ್ಣ ಕೋಣೆಯಿತ್ತು. ಅದರ ಬಾಗಿಲಿನ ಹಳೆಯ ಕೀಲಿ ಎರಡು ಸುತ್ತಿನದು. ತೆರೆದರೂ ಹಾಕಿದರೂ ಹಾಗೆಯೇ ಎರಡು ಸಲ ಸಪ್ಪಳ ಮಾಡುತ್ತಿತ್ತು. ಆದರೆ ಅದರ ಕೀಲಿಕೈ ಇದ್ದದ್ದು ಗಂಡ ಪರಪ್ಪನ ಉಡದಾರದಲ್ಲಿ. ಪರಪ್ಪ ಶ್ರಾವಣದ ಮಹಾಪೂರದ ರಾತ್ರಿ ನಾವೆ ಬಿಗಿದು ಕಟ್ಟಲು ಹೋದವನು ತಿರುಗಿ ಬಂದಿರಲಿಲ್ಲ. ಎರಡು ದಿನದ ಮೇಲೆ ನಾವೆ ಮಾತ್ರ ಹೊಳೆಯ ಕೆಳಗಿನ ಜಾಲಿಕಂಟಿಯಲ್ಲಿ ಅರ್ಧ ಮುಳುಗಿ ಸಿಕ್ಕಿತ್ತು, ಕೋಣೆಗೆ ಕೀಲಿ ಹಾಕಿದ್ದು ಹಾಕಿದಂತೆಯೇ. ಅದನ್ನು ಎಳೆದು ತಂದು ಮತ್ತೆ ಮನೆಯೆದುರಿನ ದಂಡೆಗೆ ಕಟ್ಟಿದ್ದರು.

"ಇಲಿ ಇದ್ದೀತು, ಮಲಕೋ," ಎಂದಿದ್ದಳು ಅತ್ತೆ ಶಂಕ್ರೆವ್ವ.

ಒಂದು ನಾವೆಗೆ ಒಂದೇ ಕೀಲಿಕೈ. ಒಡೆಯ ಬದುಕಿರುವಾಗ ಎರಡನೆಯದನ್ನು ಮಾಡಿಸಿದರೆ ಹೊಳೆಗೆ ಅವನ ಸಾವು ಹೇಳಿಕಳಿಸಿದಂತೆ ಎಂದು ಆ ದಂಡೆಯವರ ನಂಬಿಕೆ. ಹೀಗಾಗಿ ವರ್ಷವಿಡೀ ಆ ಬಾಗಿಲನ್ನು ಯಾರೂ ಮುಟ್ಟಲಿಲ್ಲ. ವರ್ಷದ ಕಾರ್ಯ ಮುಗಿದು ಹೊಳೆ ಇಳಿದ ಮೇಲೆ ಶಂಕ್ರೆವ್ವ ತಾನೇ, "ಮಾಡಸು. ನಾವಿ ನಡೀಲಿ. ನಿನ್ನ ತಮ್ಮ ಮಲ್ಲಣ್ಣ ಹುಟ್ಟು ಹಿಡೀಲಿ," ಎಂದಳು. ಇಂಡಿಯಿಂದ ಕೀಲಿ ರಿಪೇರಿಯ ಗೈಬುಸಾಬ ಬಸ್ಸಿನಲ್ಲಿ ಬಂದಿಳಿದ.

ಅವನು ನಾವೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಾಗಿಲಿನ ಕೀಲಿಯನ್ನು ಬಿಚ್ಚುತ್ತಿದ್ದ. ದಂಡೆಯ ಕಲ್ಲಿನ ಮೇಲೆ ಶಂಕ್ರೆವ್ವ ಕುಳಿತಿದ್ದಳು.

"ಏನಬೇ, ಈ ಕೀಲಿ ನನ್ನ ಮುತ್ಯಾನ ವಾರಗಿದು ಐತಿ. ನನ್ನ ಮಾತ ಕೇಳವಲ್ದು."

"ನಿನ್ನ ಹಲ್ಲ ಉದುರಿ ಹ್ವಾದ್ವು, ಅದರವು ಇನ್ನೂ ಗಟ್ಟಿ ಅದಾವ. ಹ್ಯಾಂಗ ಕೇಳೀತು?" ಎಂದಳು ಶಂಕ್ರೆವ್ವ. ಆಮೇಲೆ ಹೊಳೆ ನೋಡುತ್ತ, "ನನ್ನ ಮಗ ಉಸರಿದ್ದಿದ್ರ ತೆವಳ್ಕೋತರ ನನ್ನ ಹೊಸ್ತಲಕ್ಕ ಬರತಿದ್ದ, ಗೈಬುಸಾಬ. ಬರಲಿಲ್ಲ ಅಂದ್ರ ಹೊಳಿನ ಒಯ್ದೈತಿ. ಅಂಥಾ ಮಗನ್ನ ಹಡದಿದ್ನಿ ಅನ್ನೂದೊಂದ ನನಗ ಸಮಾಧಾನ," ಎಂದಳು.

 ಗೈಬುಸಾಬ ಕೀಲಿಯ ಮುಚ್ಚಳ ಬಿಚ್ಚಿ ಬಿಸಿಲಿಗೆ ಹಿಡಿದು ಒಳಗೆ ಇಣುಕಿದ. ಆಮೇಲೆ ದನಿ ತಗ್ಗಿಸಿ ಕಸ್ತೂರೆವ್ವನನ್ನು ಕರೆದ.

"ತಂಗೆವ್ವಾ, ಆ ಮಹಾಪೂರ ಇಳದ ಮ್ಯಾಲ ಇದನ್ನ ಯಾರರ ತಗದಿದ್ರೇನು?"

"ಇಲ್ರಿ ಕಾಕಾ. ಕೀಲಿಕೈ ಅವರ ಜೋಡಿನ ಹೋತು. ಮತ್ತೊಂದಿಲ್ಲ."

ಅವನು ಕೀಲಿಯನ್ನು ಅವಳತ್ತ ಹೊರಳಿಸಿದ. ಒಳಗೆಲ್ಲ ಮಹಾಪೂರದ ರಾಡಿ ಹೊಕ್ಕು, ಒಣಗಿ, ರೊಟ್ಟಿಯಂತೆ ಗಟ್ಟಿಯಾಗಿತ್ತು. ನಡುವೆ ಮಾತ್ರ ಕೀಲಿಕೈ ತಿರುಗುವ ಜಾಗದಲ್ಲಿ ದುಂಡಗೆ ಕೆರೆದ ಗೆರೆ. ಗೆರೆಯ ಅಂಚಿಗೆ ಮಣ್ಣು ಪುಡಿಪುಡಿಯಾಗಿ ನಿಂತಿತ್ತು.

"ಹಸಿ ಇದ್ದಾಗ ತಿರುವಿದ್ರ ರಾಡಿ ಮತ್ತ ಕೂಡಿಬಿಡತಿತ್ತು. ಇದು ಒಣಗಿದ ಮ್ಯಾಲಿಂದು. ಕಳ್ಳರ ತಂತಿ ಹಾಕಿದ್ರೂ ಹಿಂಗ ಬರೂದಿಲ್ಲ. ಅಸಲ ಕೀಲಿಕೈನ ತಿರುಗೈತಿ, ತಂಗೆವ್ವಾ."

ಕಸ್ತೂರೆವ್ವ ಬಾಗಿಲು ದೂಡಿ ಕೋಣೆಯೊಳಗೆ ಹೋದಳು. ಗೋಡೆಯ ಹಲಗೆಗಳ ಮೇಲೆ ನೀರು ನಿಂತಿದ್ದ ಗುರುತು ಅವಳ ಎದೆಮಟ್ಟಕ್ಕಿತ್ತು. ಅದರ ಕೆಳಗೆ ಹಗ್ಗ, ಕಂದೀಲು, ಗೋಣಿಚೀಲ ಎಲ್ಲ ಒಂದೇ ಮಣ್ಣಿನ ಬಣ್ಣ. ಗುರುತಿಗಿಂತ ಒಂದು ಮೊಳ ಮೇಲಿನ ಗೂಟದಲ್ಲಿ ಪರಪ್ಪನ ಕೌದಿ ತೂಗುತ್ತಿರಬೇಕಾಗಿತ್ತು. ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಅವಳೇ ಹೊಲಿದದ್ದು. ಗೂಟ ಬರಿದಾಗಿತ್ತು. ನೀರು ಅಲ್ಲಿಯವರೆಗೆ ಏರಿಯೇ ಇರಲಿಲ್ಲ.

ಆ ದೀಪಾವಳಿಯ ಹೊತ್ತಿಗೆ ಚಳಿ ಸುರುವಾಗಿತ್ತು, ಎಂದು ಅವಳಿಗೆ ನೆನಪಾಯಿತು.

ಹೊರಗೆ ಬಂದು ಮನೆಯ ಕಡೆ ನೋಡಿದಳು. ಬಾಗಿಲು, ಹೊಸ್ತಿಲು, ಪಕ್ಕದ ದೀಪದ ಗೂಡು, ಎಲ್ಲ ಕಾಣುತ್ತಿತ್ತು. ಒಂದು ವರ್ಷ ಪೂರ್ತಿ ಶಂಕ್ರೆವ್ವ ಆ ಗೂಡಿನಲ್ಲಿ ರಾತ್ರಿಯೆಲ್ಲ ದೀಪ ಉರಿಸಿದ್ದಳು. ನಲವತ್ತು ಹೆಜ್ಜೆ. ನಾವೆಯ ಕಡೆಯಿಂದ ಕಸ್ತೂರೆವ್ವ ಎಂದೂ ಎಣಿಸಿರಲಿಲ್ಲ.

"ಏನೈತೆ ಕಸ್ತೂರಿ ಒಳಗ? ನನ್ನ ಮಗಂದು ಏನರ ಉಳದೈತೇನು?" ಶಂಕ್ರೆವ್ವ ಕಲ್ಲಿನ ಮೇಲೆ ಅರ್ಧ ಎದ್ದು ನಿಂತಿದ್ದಳು.

ಮುದುಕಿಯ ಮುಖವನ್ನು ಕಸ್ತೂರೆವ್ವ ಒಂದು ಗಳಿಗೆ ದಿಟ್ಟಿಸಿದಳು.

"ಏನೂ ಇಲ್ರಿ ಅತ್ತಿ. ಎಲ್ಲಾ ಹೊಳಿ ಒಯ್ದೈತಿ. ಬರೇ ರಾಡಿ."

ಶಂಕ್ರೆವ್ವ ಮೆಲ್ಲಗೆ ಕುಳಿತಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಒಯ್ಯಲಿ ಬಿಡು," ಎಂದಳು.

ಕಸ್ತೂರೆವ್ವ ಗೈಬುಸಾಬನ ಎದುರು ಕುಳಿತಳು. "ಕಾಕಾ, ಕೀಲಿಕೈ ಅಷ್ಟ ಅಲ್ರಿ. ಒಳಗಿನ ತಗಡೂ ಬದಲ ಮಾಡಾಕ ಬರ್ತೈತೇನ್ರಿ?"

"ಬರ್ತೈತಿ. ಆದ್ರ ಇವು ಇನ್ನೂ ಗಟ್ಟಿ ಅದಾವಲ್ಲವ್ವಾ."

"ಇರಲಿ. ಹಳೇ ಕೀಲಿಕೈ ಇದಕ್ಕ ಹತ್ತಬಾರದು."

ಗೈಬುಸಾಬ ಅವಳನ್ನೇ ನೋಡಿದ. ಆಮೇಲೆ ಕೀಲಿಯನ್ನು ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಅದ್ದಿದ. ಒಣಗಿದ ರಾಡಿ ಗುಳ್ಳೆ ಬಿಡುತ್ತ ಬಿಚ್ಚಿಕೊಂಡಿತು. ಅದರೊಂದಿಗೆ ಆ ಗೆರೆಯೂ ಕರಗಿ ಡಬ್ಬಿಯ ತಳಕ್ಕಿಳಿಯಿತು.

"ಮತ್ತ ಎಂದರ ರಾತ್ರಿ ಯಾರರ ಬಂದು ತಿರುವಿದ್ರ?" ಅವನು ತಲೆ ಎತ್ತದೆ ಕೇಳಿದ. "ಅತ್ತಿ ಎಚ್ಚರಾಗಿ ಸಪ್ಪಳ ಏನಂತ ಕೇಳಿದ್ರ?"

"ಇಲಿ ಅಂತ ಹೇಳ್ತೀನ್ರಿ, ಕಾಕಾ."